ಎಂಜಿನ್ ಬದಲಾದ ಗಾಡಿಗೆ ಲೆಕ್ಕವೊಂದು ಬೇಡವೇ?

ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರು ಊರಿಗೆ ಕಳುಹಿಸುವ ಹಣವು ಮನೆಯ ಮಾಡಿಗೆ, ತಂಗಿಯ ಮದುವೆಗೆ, ತಮ್ಮನ ಓದಿಗೆ ಸಲ್ಲುವಂತೆಯೇ ಎಷ್ಟೋ ಸಲ ಒಂದು ಹಳೆಯ ಗಾಡಿಗೂ ಸಲ್ಲುತ್ತದೆ. ಘಟ್ಟದ ಮೇಲಣ ಊರುಗಳಲ್ಲಿ ಆ ಗಾಡಿ ಬಹುಮಟ್ಟಿಗೆ ಜೀಪು. ಅಡಕೆಯ ಮೂಟೆ, ಗೊಬ್ಬರ, ಆಸ್ಪತ್ರೆಗೆ ಹೊರಟ ರೋಗಿ ಎಲ್ಲವನ್ನೂ ಹೊರುವುದು ಅದೇ. ಆದರೆ ಹಾಗೆ ಕೊಂಡ ಹಳೆಯ ಜೀಪಿನೊಳಗಿನ ಎಂಜಿನ್ ಆ ಜೀಪಿನೊಡನೆಯೇ ಹುಟ್ಟಿದ್ದೆಂಬ ನಂಬಿಕೆಗೆ ಅನೇಕ ವೇಳೆ ಆಧಾರವಿರುವುದಿಲ್ಲ.

ಇದಕ್ಕೆ ಕಾರಣವುಂಟು. 1940ರ ದಶಕದ ಕೊನೆಯಲ್ಲಿ ಮುಂಬಯಿಯ ಮಝಗಾಂವದಲ್ಲಿ ಮಹೀಂದ್ರ ಸಂಸ್ಥೆಯವರು ಜೋಡಿಸತೊಡಗಿದ ವಿಲ್ಲೀಸ್ ಜೀಪುಗಳು ಪೆಟ್ರೋಲಿನವು. ಅವುಗಳಲ್ಲಿ ವಿದ್ಯುತ್ತನ್ನು ಒದಗಿಸುತ್ತಿದ್ದುದು ಡೈನಮೋ. ಯುದ್ಧಕಾಲದ ಮೂಲ ಜೀಪಿನ ವಿದ್ಯುದ್ವ್ಯವಸ್ಥೆಯಂತೂ ಕೇವಲ 6 ವೋಲ್ಟಿನದು. ಮುಂದೆ ಡೀಸೆಲಿನ ಮಿತವ್ಯಯವನ್ನು ಕಂಡ ಮಾಲೀಕರು ಪೆಟ್ರೋಲ್ ಎಂಜಿನನ್ನು ಇಳಿಸಿ ಡೀಸೆಲ್ ಎಂಜಿನನ್ನು ಏರಿಸಿದರು. ಬಡವನ ಮಿತವ್ಯಯವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೀಗೆ ಮಾಡಿದ ಬದಲಾವಣೆಗೆ ಯಾವ ಬರಹವೂ ಇರದೆ ಹೋಗುವುದೇ ನಮ್ಮ ಆಕ್ಷೇಪಣೆ.

ಆಲ್ಟರ್ನೇಟರ್ ಕೆಟ್ಟ ದಿನ ಈ ಕೊರತೆಯ ಫಲ ಗೊತ್ತಾಗುತ್ತದೆ. ಅಂಗಡಿಗೆ ಹೋದವನು ಗಾಡಿಯ ಹೆಸರನ್ನೂ ವರ್ಷವನ್ನೂ ಹೇಳುತ್ತಾನೆ. ಅಂಗಡಿಯವನು ಆ ಹೆಸರಿಗೆ ತಕ್ಕುದನ್ನೇ ಕೊಡುತ್ತಾನೆ. ತಂದು ನೋಡಿದರೆ ಬೋಲ್ಟಿನ ರಂಧ್ರ ಒಂದೆಡೆ, ಬ್ರಾಕೆಟ್ಟು ಇನ್ನೊಂದೆಡೆ! ಹೋಟೆಲಿನಲ್ಲಿ ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರುಬ್ಬುವ ಯಂತ್ರದ ಮೋಟಾರನ್ನು ಒಮ್ಮೆ ಬದಲಿಸಿದ ಮೇಲೆ, ಬೆಲ್ಟು ತರಲು ಹೋದವನು ಯಂತ್ರದ ಮೇಲಿನ ಹೆಸರನ್ನು ನೆಚ್ಚಿದರೆ ಕೆಟ್ಟನು. ಆಲ್ಟರ್ನೇಟರ್ ಎಂಜಿನಿಗೆ ಸೇರಿದ ವಸ್ತು. ಗಾಡಿಯ ಹೊರಮೈಗೆ ಸೇರಿದ್ದಲ್ಲ.

ಅಳತೆ ಕೂಡದಿದ್ದಾಗ ‘ಹೇಗಾದರೂ ಕೂಡಿಸೋಣ’ ಎಂಬ ಮಾತು ಬರುತ್ತದೆ. ವಾಷರುಗಳನ್ನು ತುರುಕಿ ಕೂಡಿಸಿದರೂ ಎರಡು ಪುಲ್ಲಿಗಳು ಒಂದೇ ನೇರದಲ್ಲಿ ನಿಲ್ಲದಿದ್ದರೆ ಬೆಲ್ಟು ಬೇಗನೆ ಸವೆದು ಹರಿಯುವುದು. ಹೆಚ್ಚು ಆಂಪಿಯರಿನ ಆಲ್ಟರ್ನೇಟರನ್ನು ಡೈನಮೋ ಕಾಲದ ತೆಳುವಾದ ವಾಯರಿಗೆ ಜೋಡಿಸಿದರೆ ವಾಯರು ಕಾದು ಸುಡುವ ಭಯವುಂಟು. ರೆಗ್ಯುಲೇಟರನ್ನು ಒಡಲಲ್ಲಿಯೇ ಹೊತ್ತ ಆಲ್ಟರ್ನೇಟರಿಗೆ ಡೈನಮೋದ ಹಳೆಯ ರೆಗ್ಯುಲೇಟರ್ ಪೆಟ್ಟಿಗೆ ಬೇಕಿಲ್ಲ; ಆದರೆ ಬಹುಪಾಲು ಇಂಥವುಗಳಿಗೆ ಮುಂಬದಿಯ ಕೆಂಪು ದೀಪದ ತಂತಿ ಬೇಕೇ ಬೇಕು. ಅದರ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಆಲ್ಟರ್ನೇಟರನ್ನು ಎಚ್ಚರಿಸುವುದು.

ಇವೆಲ್ಲಕ್ಕಿಂತ ಗುರುತರವಾದ ವಿಷಯ ಬ್ರೇಕಿನದು. ಬ್ರೇಕಿಗೆ ಬಲ ತುಂಬುವ ಬೂಸ್ಟರಿಗೆ ಬೇಕಾದ ನಿರ್ವಾತವು ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಎಳೆಯುವ ಕೊಳವೆಯಿಂದಲೇ ದೊರೆಯುತ್ತದೆ. ಡೀಸೆಲ್ ಎಂಜಿನಿನಲ್ಲಿ ಅದಕ್ಕೆ ಪ್ರತ್ಯೇಕವಾದ ವ್ಯಾಕ್ಯೂಮ್ ಪಂಪು ಬೇಕು. ನಮ್ಮ ದೇಶದ ಅನೇಕ ಡೀಸೆಲ್ ಗಾಡಿಗಳಲ್ಲಿ ಈ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡು ಅದರೊಡನೆಯೇ ತಿರುಗುತ್ತದೆ. ಅಂಥ ಗಾಡಿಗೆ ಅಗ್ಗವಾಗಿ ಸಿಕ್ಕಿತೆಂದು ಪಂಪಿಲ್ಲದ ಆಲ್ಟರ್ನೇಟರನ್ನು ಜೋಡಿಸಿದರೆ ದೀಪಗಳೇನೋ ಉರಿಯುವುವು, ಬ್ಯಾಟರಿಯೂ ತುಂಬುವುದು. ಬ್ರೇಕಿನ ಪೆಡಲು ಮಾತ್ರ ಕಲ್ಲಾಗುವುದು. ಆಗುಂಬೆಯ ತಿರುವುಗಳಲ್ಲಿ ಭಾರ ಹೊತ್ತು ಇಳಿಯುವ ಜೀಪಿಗೆ ಇದರ ಅರ್ಥವೇನೆಂಬುದನ್ನು ವಾಚಕರೇ ಊಹಿಸಬಲ್ಲರು.

ಕಾನೂನಿನ ದೃಷ್ಟಿಯಿಂದಲೂ ವಿಷಯ ಲಘುವಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂಥ ಮಾರ್ಪಾಡುಗಳನ್ನು ನಿಯಂತ್ರಿಸುತ್ತದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ನೋಂದಣಿ ಪತ್ರದಲ್ಲಿನ ಎಂಜಿನ್ ಸಂಖ್ಯೆಯೂ ಇಂಧನದ ಹೆಸರೂ ಗಾಡಿಯೊಡನೆ ತಾಳೆಯಾಗದಿದ್ದರೆ ಅಪಘಾತದ ಮರುದಿನ ವಿಮೆಯ ಹಣಕ್ಕೆ ಅಡ್ಡಿಯೊದಗಬಹುದು. ಆದುದರಿಂದ ಹಣ ಕೊಡುವ ಮೊದಲೇ ಇವೆರಡನ್ನೂ ತಾಳೆ ನೋಡುವುದು ವಿಹಿತ.

‘ನಮ್ಮ ಮೆಕ್ಯಾನಿಕನಿಗೆ ಎಲ್ಲವೂ ಬಾಯಿಪಾಠ’ ಎಂದು ಕೆಲವರು ಹೇಳುವರು. ಊರಿನ ಮೆಕ್ಯಾನಿಕನ ಕೈಗುಣದಲ್ಲಿ ನಮಗೂ ಗೌರವವಿದೆ. ಆದರೆ ಅವನು ನಾಳೆ ಗ್ಯಾರೇಜು ಮುಚ್ಚಿ ದುಬೈಗೆ ಹೊರಟರೆ ಆ ಬಾಯಿಪಾಠವೂ ಅವನೊಡನೆಯೇ ವಿಮಾನವೇರುವುದು. ಉಳಿಯುವುದು ಕಾಗದವೊಂದೇ. ಎಂಜಿನಿನ ತಯಾರಕರು ಯಾರು, ಅದರ ಸಂಖ್ಯೆ ಏನು, ಆಲ್ಟರ್ನೇಟರಿನ ಭಾಗಸಂಖ್ಯೆ, ವೋಲ್ಟು, ಆಂಪಿಯರುಗಳೆಷ್ಟು, ಬೆಲ್ಟಿನ ಸಂಖ್ಯೆ ಯಾವುದು, ಪಂಪು ಉಂಟೋ ಇಲ್ಲವೋ, ಕೆಲಸ ಮಾಡಿದ ದಿನಾಂಕವೇನು—ಇಷ್ಟನ್ನು ಬರೆಯಲು ಅರ್ಧ ಹಾಳೆ ಸಾಕು. ಕೆಟ್ಟ ಆಲ್ಟರ್ನೇಟರನ್ನೇ ಅಂಗಡಿಗೆ ಒಯ್ದು ಹೊಸದರ ಪಕ್ಕದಲ್ಲಿಟ್ಟು ನೋಡುವುದು ಇನ್ನೂ ಮೇಲು.

ಕೆಲಸ ಮುಗಿದ ಮೇಲೆ ಪರೀಕ್ಷೆಯೂ ಕಠಿಣವಲ್ಲ. 12 ವೋಲ್ಟಿನ ಗಾಡಿಯಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 14 ವೋಲ್ಟು ಕಾಣಬೇಕು. ಬೂಸ್ಟರ್ ಇರುವ ಗಾಡಿಯಾದರೆ, ಎಂಜಿನ್ ನಿಲ್ಲಿಸಿ ಬ್ರೇಕಿನ ಪೆಡಲನ್ನು ಹಲವು ಸಲ ತುಳಿದು, ಕಾಲನ್ನು ಒತ್ತಿ ಹಿಡಿದಂತೆಯೇ ಎಂಜಿನನ್ನು ಚಾಲೂ ಮಾಡಿದಾಗ ಪೆಡಲು ಕೊಂಚ ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿಯನ್ನು ಗ್ಯಾರೇಜಿನಿಂದ ಹೊರಡಿಸಕೂಡದು.

ದಿನದ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಪೈಸೆಯವರೆಗೂ ಒಪ್ಪಿಸುವವರು, ಕಚೇರಿಯಲ್ಲಿ ಕಡತವಿಲ್ಲದೆ ಒಂದು ಹೆಜ್ಜೆಯನ್ನೂ ಇಡದವರು ನಮ್ಮವರು. ತಮ್ಮ ಬೆವರಿನ ಹಣದಿಂದ ಓಡುವ ಗಾಡಿಯ ವಿಷಯದಲ್ಲಿ ಮಾತ್ರ ಬರಹವನ್ನು ಕೇಳಲು ಸಂಕೋಚಪಡುವುದು ಉಚಿತವಲ್ಲ. ಮುಂದಿನ ಸಲ ಊರಿಗೆ ರಿಪೇರಿಯ ಹಣ ಕಳುಹಿಸುವಾಗ ಬಿಲ್ಲಿನೊಡನೆ ಆ ಅರ್ಧ ಹಾಳೆಯನ್ನೂ ಕೇಳಿರಿ. ತಮ್ಮನಿಗೆ ಮೊದಮೊದಲು ಬೇಸರವಾದೀತು, ಆದರೂ ಕೇಳಲೇಬೇಕು. ಘಟ್ಟವನ್ನಿಳಿಯುವ ಆ ಜೀಪಿನಲ್ಲಿ ಕುಳಿತಿರುವವರು ನಮ್ಮ ಮನೆಯವರೇ ಅಲ್ಲವೇ?