ಏಳುವ ಹೊತ್ತು, ಮಲಗುವ ಹೊತ್ತು

ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ದಿನಕ್ಕೆರಡು ಜಗಳ ಮಾಮೂಲು. ರಾತ್ರಿ ಹನ್ನೊಂದಕ್ಕೆ ‘ಇನ್ನೂ ಮಲಗಿಲ್ವಾ?’, ಬೆಳಿಗ್ಗೆ ಐದಕ್ಕೆ ‘ಇನ್ನೂ ಎದ್ದಿಲ್ವಾ?’. ತಪ್ಪೆಲ್ಲ ಸೋಮಾರಿತನದ್ದು, ಇಲ್ಲವೇ ಮೊಬೈಲಿನದು ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ.

ಮೊಬೈಲಿನ ಪಾಲು ಇದೆ, ನಿಜ. ಆದರೆ ಅದನ್ನು ಕಿತ್ತಿಟ್ಟರೂ ಹದಿನೈದರ ಹುಡುಗನಿಗೆ ಒಂಬತ್ತಕ್ಕೇ ಕಣ್ಣು ಹತ್ತುವುದು ಕಷ್ಟ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನು ಹರೆಯದಲ್ಲಿ ಮೊದಲಿಗಿಂತ ತಡವಾಗಿ ಒಸರುತ್ತದೆ. ನಿದ್ದೆಯ ಅಗತ್ಯ ಮಾತ್ರ ಅಷ್ಟೇನೂ ತಗ್ಗುವುದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದು ಟ್ಯೂಷನ್ನಿಗೆ ಓಡುವ ಮಗುವಿಗೆ ದಕ್ಕುವುದು ಆರೇ ಗಂಟೆ. ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಅದನ್ನೇ ಮೊಟಕು ಮಾಡಿ ಮತ್ತೆ ಪಾಠ ಹೇಳುವುದೆಂದರೆ, ಬಿತ್ತಿದ್ದು ಬೇರುಬಿಡುವ ಮೊದಲೇ ಹೊಲ ಉತ್ತಂತೆ.

ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲು ಶುರುವಾಗುವ ಹೊತ್ತನ್ನು 7.50ರಿಂದ 8.45ಕ್ಕೆ ಸರಿಸಿತು. ‘ಮಕ್ಕಳು ಇನ್ನಷ್ಟು ತಡವಾಗಿ ಮಲಗುತ್ತಾರೆ, ಅಷ್ಟೇ’ ಎಂಬ ಅನುಮಾನ ಸಹಜ. ಅಳೆದು ನೋಡಿದಾಗ ಅವರ ನಿದ್ದೆ ಸುಮಾರು 34 ನಿಮಿಷ ಹೆಚ್ಚಿತ್ತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ, ಬಹುತೇಕ ಹೈಸ್ಕೂಲುಗಳು 8.30ಕ್ಕೆ ಮೊದಲು ಶುರುವಾಗಬಾರದೆಂಬ ಕಾನೂನೇ ಇದೆ.

ನಮ್ಮಲ್ಲಿ ಬೆಳಗನ್ನು ಕಸಿಯುವುದು ಶಾಲೆಯ ಗಂಟೆಗಿಂತ ಹೆಚ್ಚಾಗಿ ಟ್ಯೂಷನ್, ಊರೆಲ್ಲ ಸುತ್ತಿ ಬರುವ ಶಾಲಾ ವ್ಯಾನು, ಜೊತೆಗೆ ‘ನಸುಕಿನಲ್ಲಿ ಓದಿದರೆ ತಲೆಗೆ ಹತ್ತುತ್ತದೆ’ ಎಂಬ ನಂಬಿಕೆ. ಆ ನಂಬಿಕೆ ಒಪ್ಪುತ್ತಿದ್ದುದು ದೀಪದೆಣ್ಣೆ ಉಳಿಸಲು ಕತ್ತಲಾದೊಡನೆ ಉಂಡು ಮಲಗುತ್ತಿದ್ದ ಮನೆಗಳಿಗೆ. ಹಿರಿಯರು ಏಳುತ್ತಿದ್ದ ಹೊತ್ತನ್ನು ನಾವು ಉಳಿಸಿಕೊಂಡೆವು, ಮಲಗುತ್ತಿದ್ದ ಹೊತ್ತನ್ನು ಕೈಬಿಟ್ಟೆವು.

ಹತ್ತಕ್ಕೆ ಊಟ, ಆಮೇಲೆ ಧಾರಾವಾಹಿ, ಅಪ್ಪನ ಕೈಯಲ್ಲಿ ರೀಲ್ಸ್. ಇಂಥ ಮನೆಯಲ್ಲಿ ಮಗನೊಬ್ಬನಿಗೆ ‘ಮಲಗು’ ಎಂದರೆ ಅವನೇಕೆ ಕೇಳಿಯಾನು? ಎಂಟಕ್ಕೆ ಊಟ ಮುಗಿಯಲಿ. ಎಲ್ಲರ ಫೋನುಗಳೂ ಹಾಲ್‌ನಲ್ಲೇ ಚಾರ್ಜಿಗೆ ಕೂರಲಿ. ಸಂಜೆ ಕುಡಿದ ಕಾಫಿಯ ಕೆಫೀನು ಸುಮಾರು ಐದು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಓದಲೆಂದು ರಾತ್ರಿ ಕಾಫಿ ಮಾಡಿಕೊಡುವ ಅಕ್ಕರೆ ಬೇಡ. ಬೆಳಿಗ್ಗೆ ಎದ್ದೊಡನೆ ಬಿಸಿಲಿಗೆ ಮುಖವೊಡ್ಡಿದರೆ ದೇಹದ ಗಡಿಯಾರ ನಿಧಾನವಾಗಿ ಹೊಂದಿಕೊಂಡು ರಾತ್ರಿ ನಿದ್ದೆ ಬೇಗ ಬರುತ್ತದೆ. ಭಾನುವಾರ ಒಂದೆರಡು ಗಂಟೆ ಹೆಚ್ಚು ಮಲಗಿದರೆ ಬೈಯಬೇಕಿಲ್ಲ. ಮಧ್ಯಾಹ್ನದವರೆಗೆ ಮಲಗಿದರೆ ಮಾತ್ರ ಸೋಮವಾರ ಕೆಡುತ್ತದೆ.

ಟ್ಯೂಷನ್ನಿಗೆ ಸೇರಿಸುವಾಗ ಫೀಸು ಕೇಳುತ್ತೇವೆ, ಹೋದ ವರ್ಷದ ರಿಸಲ್ಟ್ ಕೇಳುತ್ತೇವೆ. ಮಗು ಏಳಬೇಕಾದ ಹೊತ್ತಿನಿಂದ ಹಿಂದಕ್ಕೆ ಎಂಟು ಗಂಟೆ ಎಣಿಸಿಯೂ ನೋಡೋಣ. ಅಷ್ಟು ಹೊತ್ತಿಗೆ ನಮ್ಮ ಮನೆಯ ದೀಪ ಆರುವುದಿಲ್ಲವೆಂದರೆ, ಆ ಬ್ಯಾಚು ನಮ್ಮ ಮಗುವಿಗಲ್ಲ.