ಒಂದು ರಾಗಿ ತೆನೆ, ಮೂರು ವಿಭಾಗ

ಭಾರತ 2020–21ರಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64ರಷ್ಟು ಮಾತ್ರ. ಈ ಕೊರತೆ ನೀಗಲೆಂದು 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಮಸೂದೆಗೆ ಒಪ್ಪಿಗೆ ನೀಡಿತು. ಐದು ವರ್ಷಗಳಲ್ಲಿ ₹50 ಸಾವಿರ ಕೋಟಿ ಹೊಂದಿಸುವ ಗುರಿ ಅದರದು. ಹಣವೇನೋ ಬರಲಿ, ಆದರೆ ಅದು ಯಾವ ಪ್ರಶ್ನೆಗಳಿಗೆ ಖರ್ಚಾಗಬೇಕು?

ಜಿಕೆವಿಕೆಯನ್ನೇ ನೋಡಿ. ಅಲ್ಲಿ ರೂಪುಗೊಂಡ ‘ಜಿಪಿಯು–28’ ರಾಗಿ ತಳಿ ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆ. ಹಾಗಾಗಿಯೇ ರೈತರು ಅದನ್ನು ಒಪ್ಪಿಕೊಂಡರು. ಆದರೆ ರಾಗಿಯ ಕಷ್ಟ ಬೀಜಕ್ಕೇ ಮುಗಿಯುವುದಿಲ್ಲ. ಸಣ್ಣ ರೈತನಿಗೆ ಎಟುಕುವ ಒಕ್ಕಣೆ ಯಂತ್ರ ಎಂಜಿನಿಯರ್ ಕೆಲಸ. ಬೆಂಬಲ ಬೆಲೆ, ಮಾರುಕಟ್ಟೆ ವಾಣಿಜ್ಯ ನೀತಿಯ ವಿಷಯ. ಯಶವಂತಪುರದ ಬಳಿಯ ಐಐಎಸ್‌ಸಿಯಿಂದ ಯಲಹಂಕದ ಎಂಬಿಎ ಕಾಲೇಜುಗಳವರೆಗೆ ಇವನ್ನೆಲ್ಲ ಬಲ್ಲವರು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದ್ದಾರೆ. ಪಠ್ಯಕ್ರಮ ಮಾತ್ರ ನಮ್ಮನ್ನು ಬೇರೆ ಬೇರೆ ಕೂರಿಸಿದೆ.

ಇದರ ನಷ್ಟ ನಮಗೇ. ಅಂಗಡಿಯಲ್ಲಿ ಕೊಂಡ ಪ್ರಾಜೆಕ್ಟ್‌ನಿಂದ ಅಂಕ ಸಿಗಬಹುದು; ಸಂದರ್ಶನದಲ್ಲಿ ‘ಇದನ್ನೇ ಏಕೆ ಮಾಡಿದಿರಿ’ ಎಂದರೆ ಬಾಯಿ ಕಟ್ಟುತ್ತದೆ. ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ನೀಡುತ್ತಿದೆ. ಅಂತಿಮ ವರ್ಷದವರು ಕಾಲೇಜಿನ ಮೂಲಕ ಅರ್ಜಿ ಹಾಕಬಹುದು.

ವಿಶ್ವವಿದ್ಯಾಲಯಗಳೂ ಒಂದು ಹೆಜ್ಜೆ ಇಡಲಿ. ಬಿಇ, ಕೃಷಿ ಬಿಎಸ್ಸಿ, ಎಂಬಿಎ ವಿದ್ಯಾರ್ಥಿಗಳು ಕೂಡಿ ಮಾಡಿದ ಪ್ರಾಜೆಕ್ಟ್‌ಗೆ ಮೂವರಿಗೂ ಅಂಕ ಸಿಗುವಂತೆ ನಿಯಮ ತರಲಿ. ಅದಕ್ಕೆ ಕೋಟಿಗಳೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.