ಲಾಂಛನವು ಅರಸನದಲ್ಲ, ನಾಡಿನದು

ಸರ್ಕಾರದ ಆಜ್ಞೆಗಳ ನೆತ್ತಿಯ ಮೇಲೆ, ಕಚೇರಿಗಳ ಹಲಗೆಗಳ ಮೇಲೆ ಕರ್ನಾಟಕದ ಲಾಂಛನವನ್ನು ನಾವು ದಿನವೂ ಕಾಣುತ್ತೇವೆ. ಆದರೆ ಅದನ್ನು ಓದುವವರು ವಿರಳ. ನಡುವಣ ಎರಡು ತಲೆಯ ಗಂಡಭೇರುಂಡವು ಮೈಸೂರರಸರ ಗುರುತಲ್ಲವೆ, ಪ್ರಜಾರಾಜ್ಯದಲ್ಲಿ ಅದಕ್ಕೇನು ಸ್ಥಾನವೆಂದು ಕೇಳುವವರೂ ಉಂಟು.

ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. 1938ರಲ್ಲಿ ಶಿವಪುರದಲ್ಲಿ ತ್ರಿವರ್ಣ ಧ್ವಜವನ್ನೆತ್ತಿದ ಕನ್ನಡಿಗರನ್ನು ಸೆರೆಗೆ ಕಳುಹಿಸಿದ್ದು ಇದೇ ಪಕ್ಷಿಯನ್ನು ಧರಿಸಿದ್ದ ಸರ್ಕಾರ. ವಿದುರಾಶ್ವತ್ಥದಲ್ಲಿ ರಕ್ತ ಹರಿದ ಬಳಿಕವೇ ಎರಡು ಧ್ವಜಗಳೂ ಜೊತೆಯಾಗಿ ಹಾರಬಹುದೆಂಬ ಒಪ್ಪಂದವಾಯಿತು. ಆದರೆ ಲಾಂಛನವನ್ನು ಹಿಡಿದವರ ದೋಷವು ಲಾಂಛನದ ದೋಷವಾಗಲಾರದು.

ಗಂಡಭೇರುಂಡವು ಯಾವುದೊಂದು ಮನೆತನದ ಸೊತ್ತಲ್ಲ. 1047ರಲ್ಲೇ ಬಳ್ಳಿಗಾವೆಯಲ್ಲಿ ಭೇರುಂಡಸ್ತಂಭವು ನಿಂತಿತು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಮೆರೆಯಿತು. ಅಷ್ಟು ದೂರವೇಕೆ? 1117ರಲ್ಲಿ ಪ್ರತಿಷ್ಠೆಯಾದ ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲೇ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವುದನ್ನು ಅಲ್ಲಿ ಕಾಣಬಹುದು. ಬಲ್ಲಿದನಿಗೂ ಬಲ್ಲಿದನುಂಟೆಂಬುದು ಅದರ ಪಾಠ.

ಇನ್ನು ರಾಜ್ಯಲಾಂಛನವನ್ನು ನೋಡಿರಿ. ಬೇಲೂರಿನಲ್ಲಿ ಭೇರುಂಡಕ್ಕೆ ಆಹಾರವಾಗಿದ್ದ ಶರಭವೇ ಇಲ್ಲಿ ಆನೆಯ ಮೋರೆ, ಸಿಂಹದ ಮೈ ತಾಳಿ ಅದರ ಎರಡು ಪಕ್ಕಗಳಲ್ಲಿ ಕಾವಲು ನಿಂತಿದೆ. ಕಲ್ಲಿನಲ್ಲಿ ಒಂದನ್ನೊಂದು ನುಂಗುತ್ತಿದ್ದವು ಇಲ್ಲಿ ಒಂದನ್ನೊಂದು ಎತ್ತಿಹಿಡಿದಿವೆ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು 1956ರ ನವೆಂಬರ್ 1ರಂದು ಒಂದಾದುದಕ್ಕೆ ಇದಕ್ಕಿಂತ ತಕ್ಕ ಚಿತ್ರ ಇನ್ನಾವುದು?

ಇವೆಲ್ಲಕ್ಕೂ ಮೇಲೆ, 1950ರ ಜನವರಿ 26ರಂದು ಭಾರತವು ಅಂಗೀಕರಿಸಿದ ಸಾರನಾಥದ ಸಿಂಹಗಳಿವೆ. ಅವು ಉತ್ತರದೇಶದವೆಂದು ಕನ್ನಡಿಗನು ಹೊರಗೆ ನಿಲ್ಲಬೇಕಾಗಿಲ್ಲ. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಆತನ ಹೆಸರಿನೊಡನೆ ಸಾರಿ ಹೇಳಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆ. ಅಂದು ನಿಜಾಮನ ಸೀಮೆಯಲ್ಲಿದ್ದ ರಾಯಚೂರಿನ ಆ ಮಸ್ಕಿ ಇಂದು ಹಾಸನದವನಿಗೂ ತನ್ನ ನಾಡೇ.

ಲಾಂಛನದ ದುರುಪಯೋಗವನ್ನು ತಡೆಯಲು 2005ರ ಕಾನೂನುಂಟು. ಅದರ ಅರ್ಥದ ಮರೆವನ್ನು ತಡೆಯಲು ಯಾವ ಕಾನೂನೂ ಸಾಲದು. ಆ ಭಾರ ಉಪಾಧ್ಯಾಯರದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಉಪಾಧ್ಯಾಯ ಮಹಾಶಯರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಬೇಲೂರಿಗೆ ಕರೆದೊಯ್ದು ಆ ಶಿಲ್ಪದ ಮುಂದೆ ನಿಲ್ಲಿಸಲಿ. ಅಧಿಕಾರದಲ್ಲಿರುವವರೂ ತಮ್ಮ ರುಜುವಿನ ಮೇಲಣ ಆ ಗುರುತನ್ನು ಒಮ್ಮೆ ನಿಟ್ಟಿಸಿ ನೋಡಲಿ. ಸತ್ಯಕ್ಕೇ ಜಯವೆಂದು ಅಲ್ಲಿ ಬರೆದಿದೆ, ಬಲಕ್ಕೆಂದು ಬರೆದಿಲ್ಲ.